ಬೂದಿಯ ಬಂಧಕಕ್ಕೆ ಬೇಕಾದ ಬಿಸಿ

(ಬಳಗದ ಸಭೆಯಲ್ಲಿ ಮಂಡಿಸಿದ ಉಪನ್ಯಾಸದ ಪಠ್ಯ)



ಸಿಮೆಂಟಿಗೆ ಪರ್ಯಾಯವಾಗಿ ಜಿಯೋಪಾಲಿಮರ್ ಎಂಬ ಬಂಧಕದ ಹೆಸರು ಕೆಲವು ದಶಕಗಳಿಂದ ಕೇಳಿಬರುತ್ತಿದೆ. ಉಷ್ಣವಿದ್ಯುತ್ ಸ್ಥಾವರದ ಹಾರುಬೂದಿ, ಕಬ್ಬಿಣದ ಕಾರ್ಖಾನೆಯ ಕಿಟ್ಟ ಅಥವಾ ಸುಟ್ಟ ಜೇಡಿಮಣ್ಣನ್ನು ತೀಕ್ಷ್ಣವಾದ ಕ್ಷಾರದ್ರಾವಣದಲ್ಲಿ ಕಲಸಿದರೆ ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ. ಸುಣ್ಣದ ಕಲ್ಲನ್ನು ಸುಡಬೇಕಾಗಿಲ್ಲ, ಅದಕ್ಕಾಗಿ ನೆಲ ಬಗೆಯಬೇಕಾಗಿಲ್ಲ, ಬೂದಿಗೂ ಒಂದು ಗತಿ ಕಾಣಿಸಿದಂತಾಗುತ್ತದೆ ಎಂಬುದು ಅದರ ಪರವಾದ ವಾದ. ಈ ವಾದದಲ್ಲಿ ಸತ್ಯಾಂಶ ಸಾಕಷ್ಟಿದೆ. ಆದರೆ ಅದರ ಪ್ರಚಾರಪತ್ರಗಳು ಹೇಳುವ ಬಲದ ಅಂಕಿಯ ಹಿಂದೆ ಒಂದು ಷರತ್ತು ಅಡಗಿರುತ್ತದೆ. ಆ ಬಲ ಕೂಡಿಬಂದದ್ದು ಎಷ್ಟು ಡಿಗ್ರಿ ಬಿಸಿಯಲ್ಲಿ, ಎಷ್ಟು ಗಂಟೆಯಲ್ಲಿ? ಮಳೆಗಾಲದ ಹಗಲಿನಲ್ಲಿಯೂ ಉಷ್ಣಾಂಶ 25 ಡಿಗ್ರಿ ದಾಟಲು ಹಿಂಜರಿಯುವ ಘಟ್ಟದ ಊರುಗಳಿಗೆ ಈ ಷರತ್ತು ಸಣ್ಣದಲ್ಲ. ಈ ಉಪನ್ಯಾಸದ ವಸ್ತು ಅದೊಂದೇ.

ಮೊದಲು ಸಿಮೆಂಟಿನ ಲೆಕ್ಕ. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಿ. ಇಂದಿನ ಸಿಮೆಂಟು ತಯಾರಾಗುವುದು ಸುಣ್ಣದ ಕಲ್ಲನ್ನೂ ಜೇಡಿಮಣ್ಣನ್ನೂ ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆಯ ಕುಲುಮೆಗಳಲ್ಲಿ ನಡೆಯುವುದೂ ಇದೇ. ಶುದ್ಧವಾದ ಸುಣ್ಣದ ಕಲ್ಲು 100 ಕಿಲೋ ಸುಟ್ಟರೆ ಉಳಿಯುವ ಸುಣ್ಣ 56 ಕಿಲೋ. ಮಿಕ್ಕ 44 ಕಿಲೋ ಇಂಗಾಲದ ಡೈ ಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ಇದು ಇಂಧನದ ಹೊಗೆಯಲ್ಲ, ಕಲ್ಲಿನೊಳಗಿನದೇ ಹೊಗೆ. ಕುಲುಮೆಯನ್ನು ಸೌರಶಕ್ತಿಯಿಂದಲೇ ಕಾಯಿಸಿದರೂ ಇದು ತಪ್ಪುವುದಿಲ್ಲ. ಇಂಧನದ ಪಾಲನ್ನೂ ಸೇರಿಸಿದರೆ ಜಗತ್ತಿನಲ್ಲಿ ಮನುಷ್ಯ ಹೊರಸೂಸುವ ಇಂಗಾಲದ ಡೈ ಆಕ್ಸೈಡ್‌ನ ಶೇಕಡಾ 7ರಿಂದ 8ರಷ್ಟು ಸಿಮೆಂಟಿನದೇ ಎಂದು ಅಂದಾಜು. ಆದುದರಿಂದ ಪರ್ಯಾಯದ ಹುಡುಕಾಟ ನ್ಯಾಯವಾದದ್ದೇ.

ಹುಡುಕಾಟ ಇಂದಿನದೂ ಅಲ್ಲ. ಬೆಲ್ಜಿಯಂನ ಪರ್ಡನ್ 1940ರಲ್ಲಿಯೇ ಕಬ್ಬಿಣದ ಕಿಟ್ಟವನ್ನು ಕ್ಷಾರದಿಂದ ಗಟ್ಟಿಗೊಳಿಸಿದ ವಿವರ ಪ್ರಕಟಿಸಿದರು. 1950ರ ದಶಕದಲ್ಲಿ ಕೀವ್ ನಗರದ ವಿಕ್ಟರ್ ಗ್ಲುಖೋವ್‌ಸ್ಕಿ ಅದೇ ಜಾಡಿನಲ್ಲಿ ದೊಡ್ಡ ಪ್ರಮಾಣದ ಕೆಲಸ ಮಾಡಿದರು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಜೋಸೆಫ್ ಡಾವಿಡೋವಿಟ್ಸ್ ಬೆಂಕಿಗೆ ಬಗ್ಗದ ವಸ್ತುವನ್ನು ಅರಸುತ್ತ 1970ರ ದಶಕದಲ್ಲಿ ಸುಟ್ಟ ಜೇಡಿಮಣ್ಣಿನ ಬಂಧಕಕ್ಕೆ ಬಂದು ತಲುಪಿದರು. ಜಿಯೋಪಾಲಿಮರ್ ಎಂಬ ಹೆಸರು ಅವರದೇ. ಈಜಿಪ್ಟಿನ ಪಿರಮಿಡ್ಡುಗಳ ಕಲ್ಲುಗಳೂ ಇಂಥ ಎರಕದವೆಂದು ಅವರು ವಾದಿಸಿದ್ದುಂಟು. ಭೂವಿಜ್ಞಾನಿಗಳಲ್ಲಿ ಹೆಚ್ಚಿನವರು ಅದನ್ನು ಒಪ್ಪಿಲ್ಲ. ಬಂಧಕದ ಗುಣಕ್ಕೆ ಆ ಕಥೆಯ ಆಸರೆ ಬೇಕಾಗಿಯೂ ಇಲ್ಲ.

ಇನ್ನು ಒಳಗಿನ ಕ್ರಿಯೆ. ಸಿಮೆಂಟು ನೀರನ್ನು ಕುಡಿದು ಗಟ್ಟಿಯಾಗುತ್ತದೆ. ನೀರಿನ ಅಣುಗಳು ಅದರ ಹರಳುಗಳ ಭಾಗವೇ ಆಗಿಬಿಡುತ್ತವೆ. ಅದಕ್ಕಾಗಿಯೇ ಮೇಸ್ತ್ರಿಗಳು ಗೋಣಿಚೀಲ ಹೊದಿಸಿ, ಬೆಳಗ್ಗೆ ಸಂಜೆ ನೀರು ಹೊಡೆದು ಕ್ಯೂರಿಂಗ್ ಮಾಡುತ್ತಾರೆ. ಜಿಯೋಪಾಲಿಮರ್‌ನ ದಾರಿ ಬೇರೆ. ಹಾರುಬೂದಿಯ ಕಣವೆಂದರೆ ಗಾಜಿನ ಸೂಕ್ಷ್ಮ ಗೋಲಿ. ಕಾಸ್ಟಿಕ್ ಸೋಡಾ ಆ ಗಾಜನ್ನು ಕರಗಿಸುತ್ತದೆ. ಕರಗಿದ ಸಿಲಿಕಾನ್ ಮತ್ತು ಅಲ್ಯುಮಿನಿಯಂ ಆಮ್ಲಜನಕದ ಸೇತುವೆ ಕಟ್ಟಿಕೊಂಡು ಬಲೆಯಂತೆ ಹೆಣೆದುಕೊಳ್ಳುತ್ತವೆ. ಈ ಹೆಣಿಗೆಯ ವೇಳೆ ನೀರು ಒಳಸೇರುವ ಬದಲು ಹೊರಬೀಳುತ್ತದೆ. ನೀರು ಇಲ್ಲಿ ಕರಗಿಸುವ ಮಾಧ್ಯಮ ಮಾತ್ರ. ಅಭ್ಯಾಸಬಲದಿಂದ ಯಾರಾದರೂ ಹಸಿ ಜಿಯೋಪಾಲಿಮರ್ ಗೋಡೆಗೆ ಕೊಡಗಟ್ಟಲೆ ನೀರು ಹೊಡೆದರೆ ಕ್ಷಾರ ತೊಳೆದುಹೋದೀತೇ ಹೊರತು ಬಲ ಬಾರದು. ಅದಕ್ಕೆ ಬೇಕಾದದ್ದು ಒಳಗಿನ ತೇವ ಆರಿಹೋಗದಂತೆ ಬಿಗಿಯಾದ ಹೊದಿಕೆ, ಜೊತೆಗೆ ಬಿಸಿ.

ಬಿಸಿ ಏಕೆ? ಗಾಜು ಸುಲಭಕ್ಕೆ ಕರಗುವ ವಸ್ತುವಲ್ಲ. ಭಾರತದ ಕಲ್ಲಿದ್ದಲಿನಿಂದ ಬರುವ ಬೂದಿಯಲ್ಲಿ ಸುಣ್ಣದ ಅಂಶ ಬಹುಮಟ್ಟಿಗೆ ಕಡಿಮೆ. ಇಂಥ ಬೂದಿಯನ್ನು 20–25 ಡಿಗ್ರಿಯಲ್ಲಿ ಕಲಸಿಟ್ಟರೆ ಕರಗುವಿಕೆ ತೆವಳುತ್ತ ಸಾಗುತ್ತದೆ. ಅಚ್ಚು ಬಿಚ್ಚಲು ಮರುದಿನ ಹೋದರೆ ಮುದ್ದೆ ಇನ್ನೂ ಬೆರಳಿಗೆ ಅದುಮುವಷ್ಟು ಮೆತ್ತಗಿರಬಹುದು. ಅದೇ ಮುದ್ದೆಯನ್ನು 60 ಡಿಗ್ರಿಯಲ್ಲಿಟ್ಟರೆ ಒಂದು ದಿನದಲ್ಲಿ ಕಲ್ಲಾಗುತ್ತದೆ.

ಇದನ್ನು ವ್ಯವಸ್ಥಿತವಾಗಿ ಅಳೆದವರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದ ಕರ್ಟಿನ್ ವಿಶ್ವವಿದ್ಯಾಲಯದ ಜ್ವಾಂತೊರೊ ಹಾರ್ಜಿತೊ ಮತ್ತು ಬಿ. ವಿಜಯ ರಂಗನ್ ಪ್ರಮುಖರು. 2005ರ ಅವರ ವರದಿ ಹಾರುಬೂದಿಯ ಕಾಂಕ್ರೀಟನ್ನು 30ರಿಂದ 90 ಡಿಗ್ರಿಯವರೆಗಿನ ಬಿಸಿಯಲ್ಲಿ, 4 ಗಂಟೆಯಿಂದ 96 ಗಂಟೆಯವರೆಗಿನ ಅವಧಿಯಲ್ಲಿ ಪರೀಕ್ಷಿಸಿದ ವಿವರ ನೀಡುತ್ತದೆ. ಬಿಸಿ ಏರಿದಂತೆ ಬಲವೂ ಏರಿತು. ಆದರೆ ಏರಿಕೆಯ ಬಹುಪಾಲು ಮುಗಿದದ್ದು 60 ಡಿಗ್ರಿಯ ಒಳಗೆ, ಅದರಾಚೆ ಸಿಕ್ಕಿದ್ದು ಅಲ್ಪ. ಅವಧಿಯ ಕಥೆಯೂ ಅದೇ. ಮೊದಲ 24 ಗಂಟೆಯಲ್ಲಿ ಬಲ ಭರದಿಂದ ಕೂಡಿತು, ಮುಂದಿನ 3 ದಿನಗಳ ಬಿಸಿಯಿಂದ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಇದಕ್ಕೂ ಮುನ್ನ, 1999ರಲ್ಲಿ, ಸ್ಪೇನಿನ ಪಲೋಮೊ ಮತ್ತು ಸಂಗಡಿಗರು 85 ಡಿಗ್ರಿಯಲ್ಲಿ ಕೇವಲ 5 ಗಂಟೆ ಇಟ್ಟು 60 ಮೆಗಾಪಾಸ್ಕಲ್ ಆಸುಪಾಸಿನ ಬಲ ಪಡೆದಿದ್ದರು. ಒಂದು ಮೆಗಾಪಾಸ್ಕಲ್ ಎಂದರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಸುಮಾರು 10 ಕಿಲೋ ಭಾರ. ಸಾಧಾರಣ ಮನೆಯ ತಾರಸಿಗೆ ಬಳಸುವ ಕಾಂಕ್ರೀಟಿನಿಂದ ನಿರೀಕ್ಷಿಸುವುದು 20 ಮೆಗಾಪಾಸ್ಕಲ್, ಅದೂ 28 ದಿನಗಳ ಬಳಿಕ. ಅದರ ಮೂರು ಪಟ್ಟು ಬಲ ಒಂದೇ ಹಗಲಿನಲ್ಲಿ ಬಂದರೆ ಯಾರಿಗಾದರೂ ಹಿಗ್ಗು ಸಹಜ. ಪ್ರಚಾರಪತ್ರಗಳ ಅಂಕಿಗಳ ಮೂಲ ಇಂಥ ಪ್ರಯೋಗಶಾಲೆಗಳ ಬಿಸಿಪೆಟ್ಟಿಗೆಗಳು.

ಹಾಗಾದರೆ ಬಿಸಿ ಹೆಚ್ಚಿದಷ್ಟೂ ಒಳಿತೇ? ಅಲ್ಲ. ಕುಂಬಾರರು ಹಸಿ ಮಡಕೆಯನ್ನು ಮೊದಲು ನೆರಳಿನಲ್ಲಿ ಆರಿಸುವುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊದಿಕೆಯಿಲ್ಲದೆ, ದೀರ್ಘಕಾಲ, ಹೆಚ್ಚು ಬಿಸಿಯಲ್ಲಿಟ್ಟರೆ ಹೆಣಿಗೆ ಪೂರ್ಣವಾಗುವ ಮೊದಲೇ ನೀರು ಹಾರಿಹೋಗಿ ಸೂಕ್ಷ್ಮ ಬಿರುಕುಗಳು ಬೀಳುತ್ತವೆ. ಮೆಲ್ಬರ್ನ್‌ನ ವ್ಯಾನ್ ಡೆವೆಂಟರ್ ತಂಡ 2002ರಲ್ಲಿ ಇದನ್ನೇ ಎಚ್ಚರಿಸಿತ್ತು: ಅತಿಯಾಗಿ ಬೇಯಿಸಿದರೆ ರಚನೆ ದುರ್ಬಲವಾಗುತ್ತದೆ, ಸ್ವಲ್ಪ ನೀರು ಒಳಗೆ ಉಳಿಯಲೇಬೇಕು.

ಇನ್ನೂ ಕುತೂಹಲದ ಫಲಿತಾಂಶ ಬಂದದ್ದು ಸುಟ್ಟ ಜೇಡಿಮಣ್ಣಿನ ಬಂಧಕದಲ್ಲಿ. ಕೆಯೋಲಿನ್ ಎಂಬ ಬಿಳಿ ಜೇಡಿಯನ್ನು ಸುಮಾರು 700–750 ಡಿಗ್ರಿಯಲ್ಲಿ ಸುಟ್ಟರೆ ಮೆಟಾಕೆಯೋಲಿನ್ ಸಿಗುತ್ತದೆ. ಜೆಕ್ ದೇಶದ ಬರ್ನೊ ನಗರದ ಪಾವೆಲ್ ರೊವ್ನಾನಿಕ್ 2010ರಲ್ಲಿ ಇದರ ಗಾರೆಯನ್ನು 10ರಿಂದ 80 ಡಿಗ್ರಿಯವರೆಗಿನ ಬೇರೆ ಬೇರೆ ಉಷ್ಣಾಂಶಗಳಲ್ಲಿ ಹದಗೊಳಿಸಿ ನೋಡಿದರು. ಬಿಸಿ ಕಂಡವು ಬೇಗ ಗಟ್ಟಿಯಾದವು, 10 ಡಿಗ್ರಿಯದು ದಿನಗಟ್ಟಲೆ ತಡಮಾಡಿತು. ಆದರೆ 28 ದಿನಗಳ ಬಳಿಕ ಲೆಕ್ಕ ತಿರುಗಿತು: ಹೆಚ್ಚು ಬಿಸಿ ಕಂಡವುಗಳ ಬಲ ಸಾಧಾರಣ ಉಷ್ಣಾಂಶದಲ್ಲಿ ಅಥವಾ ತುಸು ತಂಪಿನಲ್ಲಿ ಬೆಳೆದವುಗಳಿಗಿಂತ ಕಡಿಮೆಯಿತ್ತು. ಕಾರಣ ರಂಧ್ರಗಳಲ್ಲಿತ್ತು. ಬಿಸಿ ಏರಿದಂತೆ ಒಳಗಿನ ರಂಧ್ರಗಳು ದೊಡ್ಡವಾಗಿ, ಅವುಗಳ ಒಟ್ಟು ಗಾತ್ರವೂ ಹೆಚ್ಚಿತ್ತು. ಅವಸರದಲ್ಲಿ ಹೆಣೆದ ಬಲೆಯ ಕಣ್ಣು ದೊಡ್ಡದು ಎಂದರೆ ತಪ್ಪಾಗಲಾರದು.

ಈ ಎರಡು ಫಲಿತಾಂಶಗಳು ಪರಸ್ಪರ ವಿರುದ್ಧವಲ್ಲ. ಹಾರುಬೂದಿಯ ಗಾಜು ಹಟಮಾರಿ, ಬಿಸಿಯಿಲ್ಲದೆ ಕರಗಲು ಒಲ್ಲದು. ಮೆಟಾಕೆಯೋಲಿನ್ ತಂಪಿನಲ್ಲಿಯೂ ಕರಗುತ್ತದೆ, ಅದಕ್ಕೆ ಬಿಸಿ ಕೊಟ್ಟರೆ ಅವಸರ ಮಾಡಿಸಿದಂತೆ. ಆದುದರಿಂದ "ಜಿಯೋಪಾಲಿಮರ್‌ಗೆ ಇಷ್ಟು ಡಿಗ್ರಿ" ಎಂಬ ಒಂದೇ ಸೂತ್ರ ಇರಲಾರದು. ಒಂದು ಕಚ್ಚಾವಸ್ತುವಿನ ಅಂಕಿಯನ್ನು ಇನ್ನೊಂದಕ್ಕೆ ಅಂಟಿಸಿ ಮಾತನಾಡುವುದು ಈ ಕ್ಷೇತ್ರದಲ್ಲಿ ಪದೇ ಪದೇ ಕಾಣುವ ತಪ್ಪು.

ಈಗ ಮಲೆನಾಡಿಗೆ ಬರಬೇಕು. ಆಗುಂಬೆ, ಮಡಿಕೇರಿಯಂಥ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೆಂಬುದು ಅತಿಥಿ. ಗೋಡೆಯೂ ಒದ್ದೆ, ಗಾಳಿಯೂ ಒದ್ದೆ. ಅಲ್ಲಿ ಹಾರುಬೂದಿಯ ಜಿಯೋಪಾಲಿಮರ್ ಕಲಸಿ ತಡೆಗೋಡೆ ಕಟ್ಟಹೊರಟರೆ ಎರಡು ತೊಂದರೆಗಳು ಒಟ್ಟಿಗೆ ಎದುರಾಗುತ್ತವೆ. ಮೊದಲನೆಯದು ಬಲ ಬಾರದಿರುವುದು. ಎರಡನೆಯದು ಅಷ್ಟು ಬೇಗ ಕಣ್ಣಿಗೆ ಬೀಳದು: ಸರಿಯಾಗಿ ಹೆಣೆದುಕೊಳ್ಳದ ಬಂಧಕದಲ್ಲಿ ಸೋಡಿಯಂ ಬಿಡಿಯಾಗಿ ಉಳಿದಿರುತ್ತದೆ. ತೇವದೊಂದಿಗೆ ಅದು ಮೇಲ್ಮೈಗೆ ಬಂದು, ಗಾಳಿಯ ಇಂಗಾಲದ ಡೈ ಆಕ್ಸೈಡ್ ಜೊತೆ ಸೇರಿ ಬಿಳಿ ಉಪ್ಪಾಗಿ ಅರಳುತ್ತದೆ. ನೋಟ ಕೆಡುವುದಷ್ಟೇ ಆದರೆ ಸಹಿಸಬಹುದಿತ್ತು. ಹೊರಬಂದ ಕ್ಷಾರ ಒಳಗಿನ ಹೆಣಿಗೆಗೆ ಸೇರಬೇಕಾಗಿದ್ದದ್ದು, ಮಳೆನೀರಿನೊಡನೆ ಅದು ಹರಿಯುವುದು ತೋಟಕ್ಕೆ, ಹಳ್ಳಕ್ಕೆ. ಬಿಸಿಯಲ್ಲಿ ಚೆನ್ನಾಗಿ ಹದಗೊಂಡ ವಸ್ತುವಿನಲ್ಲಿ ಈ ಉಪ್ಪುಬಿಡುವಿಕೆ ಕಡಿಮೆ. ಹೀಗಾಗಿ ಬಿಸಿಯ ಪ್ರಶ್ನೆ ಬಲದ ಪ್ರಶ್ನೆಯಷ್ಟೇ ಅಲ್ಲ, ಬಾಳಿಕೆಯದೂ ನೀರಿನದೂ ಹೌದು.

ಬಿಸಿ ಬೇಕಾದರೆ ಒಲೆ ಹೊತ್ತಿಸಿದರಾಯಿತು ಎನ್ನುವವರುಂಟು. ಎಷ್ಟು ಸೌದೆ ಬೇಕು? ಒಂದು ಘನಮೀಟರ್ ಕಾಂಕ್ರೀಟಿನ ತೂಕ ಸುಮಾರು 2,400 ಕಿಲೋ. ಅದನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಬೇಕಾದ ಉಷ್ಣ ಸುಮಾರು 96 ಮೆಗಾಜೌಲ್. ಒಣ ಸೌದೆಯಲ್ಲಿ ಕಿಲೋಗೆ ಸುಮಾರು 15 ಮೆಗಾಜೌಲ್ ಇರುವುದರಿಂದ ಒಂದಿಷ್ಟೂ ಪೋಲಾಗದಿದ್ದರೆ ಆರೂವರೆ ಕಿಲೋ ಸಾಕು. ಪೋಲಾಗದ ಒಲೆ ಯಾವ ಊರಿನಲ್ಲಿಯೂ ಇಲ್ಲ. ಮೂರರಲ್ಲಿ ಎರಡು ಪಾಲು ಹೊಗೆಯಲ್ಲಿ, ಅಚ್ಚಿನಲ್ಲಿ, ಗೋಡೆಯಲ್ಲಿ ಹೋಯಿತೆಂದರೆ ಸುಮಾರು 20 ಕಿಲೋ. ಒಂದು ದಿನವಿಡೀ ಆ ಬಿಸಿಯನ್ನು ಹಿಡಿದಿಡಲು ಬೇಕಾಗುವುದು ಬೇರೆ. ಹೋಲಿಕೆಗಾಗಿ: ಒಂದು ಘನಮೀಟರ್ ಕಾಂಕ್ರೀಟಿಗೆ 350 ಕಿಲೋ ಸಿಮೆಂಟು ಎಂದಿಟ್ಟುಕೊಂಡರೆ ಅದನ್ನು ಸುಡಲು ಕುಲುಮೆಯಲ್ಲಿ ಖರ್ಚಾದ ಉಷ್ಣವೇ 1,000 ಮೆಗಾಜೌಲ್ ಆಸುಪಾಸು.

ಈ ಲೆಕ್ಕ ಹೇಳುವುದನ್ನು ಮುಚ್ಚಿಡಬಾರದು. ಹದಗೊಳಿಸುವ ಬಿಸಿ ಸಿಮೆಂಟಿನ ಕುಲುಮೆಯ ಬಿಸಿಯೆದುರು ಸಣ್ಣದು. "ಬಿಸಿ ಮಾಡಬೇಕೆಂದ ಮೇಲೆ ಪರಿಸರಸ್ನೇಹಿ ಹೇಗೆ" ಎಂದು ತಳ್ಳಿಹಾಕುವ ಟೀಕೆ ಅಂಕಿಯ ಎದುರು ನಿಲ್ಲುವುದಿಲ್ಲ. ಆದರೆ ಸಿಮೆಂಟಿನ ಬಿಸಿ ಕುಲುಮೆಯ ಕಲ್ಲಿದ್ದಲಿನದು, ಘಟ್ಟದ ಬಿಸಿ ಕಾಡಿನ ಸೌದೆಯದು. 20 ಘನಮೀಟರ್ ಕಾಂಕ್ರೀಟಿನ ಒಂದು ಸಣ್ಣ ಕಟ್ಟಡಕ್ಕೆ 400 ಕಿಲೋ ಸೌದೆ ಎಂದರೆ ಅದು ಯಾವ ಬೆಟ್ಟದಿಂದ ಬರಬೇಕೆಂಬುದು ಸೊಪ್ಪಿನಬೆಟ್ಟಗಳ ಸ್ಥಿತಿ ಬಲ್ಲವರಿಗೆ ತಿಳಿದದ್ದೇ.

ನಿಜವಾದ ಭಾರ ಕ್ಷಾರದಲ್ಲಿದೆ. ಬೂದಿಯೊಡನೆ ಕಲಸುವ ಸೋಡಿಯಂ ಸಿಲಿಕೇಟನ್ನು ತಯಾರಿಸುವುದು ಮರಳನ್ನೂ ಸೋಡಾ ಬೂದಿಯನ್ನೂ 1,300 ಡಿಗ್ರಿಯ ಆಸುಪಾಸಿನಲ್ಲಿ ಕರಗಿಸಿ. ಕಾಸ್ಟಿಕ್ ಸೋಡಾ ಬರುವುದು ಉಪ್ಪುನೀರಿಗೆ ವಿದ್ಯುತ್ ಹಾಯಿಸಿ. ಬೂದಿ ತ್ಯಾಜ್ಯ, ಆದುದರಿಂದ ಎಲ್ಲವೂ ಪುಕ್ಕಟೆ ಎಂಬ ಭಾವನೆ ಇಲ್ಲಿ ಮುರಿದುಬೀಳುತ್ತದೆ. ಬಿಸಿ ಕಡಿಮೆ ಇರುವಲ್ಲಿ ಬಲ ಬರಿಸಲು ಕೆಲವರು ಕ್ಷಾರವನ್ನೇ ಹೆಚ್ಚಿಸುತ್ತಾರೆ. ಆಗ ಉಳಿಸಿದ ಬಿಸಿ ಬೇರೆಯವರ ಕುಲುಮೆಯಲ್ಲಿ ಖರ್ಚಾಗಿರುತ್ತದೆ, ಉಪ್ಪುಬಿಡುವ ತೊಂದರೆಯೂ ಏರುತ್ತದೆ. ಇನ್ನೊಂದು ಮಾತು ಕೂಲಿಯವರ ಪರವಾಗಿ. ಪ್ರಯೋಗಗಳಲ್ಲಿ ಬಳಸುವ 8 ಮೋಲಾರ್ ದ್ರಾವಣವೆಂದರೆ ಲೀಟರಿಗೆ 320 ಗ್ರಾಂ ಕಾಸ್ಟಿಕ್ ಸೋಡಾ, 14 ಮೋಲಾರ್ ಎಂದರೆ 560 ಗ್ರಾಂ. ಕಣ್ಣಿಗೆ ಒಂದು ಹನಿ ಸಿಡಿದರೆ ದೃಷ್ಟಿಗೇ ಅಪಾಯ. ಬರಿಗಾಲು ಬರಿಗೈಯಲ್ಲಿ ಗಾರೆ ಕಲಸುವ ರೂಢಿಯಿರುವ ಕಟ್ಟಡದ ಜಾಗಕ್ಕೆ ಇದು ಸಲ್ಲದ ವಸ್ತು.

ಹಾಗೆಂದು ದಾರಿ ಮುಚ್ಚಿಲ್ಲ. ಕಬ್ಬಿಣದ ಊದುಕುಲುಮೆಯ ಕಿಟ್ಟದಲ್ಲಿ ಸುಣ್ಣದ ಅಂಶ ಧಾರಾಳ. ಅದನ್ನು ಪುಡಿಮಾಡಿ ಹಾರುಬೂದಿಗೆ ಬೆರೆಸಿದರೆ ಮಿಶ್ರಣ ಸಾಧಾರಣ ಉಷ್ಣಾಂಶದಲ್ಲಿಯೇ ಗಟ್ಟಿಯಾಗುತ್ತದೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ಟೂವೂಂಬಾ ಬಳಿ 2014ರಲ್ಲಿ ತೆರೆದ ವೆಲ್‌ಕ್ಯಾಂಪ್ ವಿಮಾನ ನಿಲ್ದಾಣಕ್ಕೆ ಕಿಟ್ಟ ಮತ್ತು ಹಾರುಬೂದಿಯ ಇಂಥ ಕಾಂಕ್ರೀಟನ್ನು ಸುಮಾರು 40,000 ಘನಮೀಟರ್‌ನಷ್ಟು ಬಳಸಲಾಯಿತು. ಅಷ್ಟು ವಿಸ್ತಾರದ ನೆಲವನ್ನು ಬಿಸಿಪೆಟ್ಟಿಗೆಗೆ ತುಂಬಲು ಸಾಧ್ಯವೇ ಇರಲಿಲ್ಲ. ಕರ್ನಾಟಕದಲ್ಲಿ ಕಿಟ್ಟ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿದೆ, ಬೂದಿ ರಾಯಚೂರಿನ ಶಕ್ತಿನಗರದಲ್ಲಿ, ಬಳ್ಳಾರಿಯ ಕುಡುತಿನಿಯಲ್ಲಿದೆ. ಮೂರೂ ಬಯಲುಸೀಮೆಯ ಊರುಗಳು, ಬಿಸಿಲಿಗೆ ಕೊರತೆಯಿಲ್ಲದವು. ಕ್ಷಾರವನ್ನೂ ಬೂದಿಯನ್ನೂ ಲಾರಿಯಲ್ಲಿ ಘಟ್ಟ ಹತ್ತಿಸಿ ಮಳೆಯಲ್ಲಿ ಕಲಸುವುದಕ್ಕಿಂತ, ಅಲ್ಲಿಯೇ ಹದಗೊಳಿಸಿದ ಬ್ಲಾಕುಗಳನ್ನು ತರುವುದು ಹೆಚ್ಚು ವಿವೇಕದ್ದು. ಭಾರತೀಯ ಮಾನಕ ಬ್ಯೂರೋ 2020ರಲ್ಲಿ ಕ್ಷಾರದಿಂದ ಗಟ್ಟಿಗೊಳಿಸುವ ಕಾಂಕ್ರೀಟಿಗೆ ಹೊರಡಿಸಿದ ಮಾರ್ಗಸೂಚಿಯೂ ಕಾರ್ಖಾನೆಯಲ್ಲಿ ಎರಕಹೊಯ್ದ ವಸ್ತುಗಳಿಗೆ ಸಂಬಂಧಿಸಿದ್ದೇ ಎಂಬುದು ಗಮನಾರ್ಹ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬೂದಿಗೆ ಬಳಕೆಯುಂಟೆಂಬುದು ಕಲ್ಲಿದ್ದಲಿನ ಸ್ಥಾವರಕ್ಕೆ ಸಮರ್ಥನೆಯಾಗಬಾರದು. ಕರಾವಳಿಯ ಉಡುಪಿ ಜಿಲ್ಲೆಯಲ್ಲಿ ಉಷ್ಣವಿದ್ಯುತ್ ಸ್ಥಾವರದ ಬೂದಿ ಹೊಲಗಳ ಮೇಲೆ ಬೀಳುವ ದೂರು ಕೇಳಿಬಂದದ್ದನ್ನು ಘಟ್ಟದ ಮೇಲಿನವರು ಮರೆತಿಲ್ಲ. ದೇಶದಲ್ಲಿ ವರ್ಷಕ್ಕೆ 20 ಕೋಟಿ ಟನ್ನಿಗೂ ಅಧಿಕ ಬೂದಿ ಉತ್ಪತ್ತಿಯಾಗುತ್ತದೆ. ಆದದ್ದಕ್ಕೆ ಗತಿ ಕಾಣಿಸುವುದು ಬೇರೆ, ಇನ್ನಷ್ಟು ಆಗಲೆಂದು ಬಯಸುವುದು ಬೇರೆ.

ಬಿಸಿಗೆ ಬದಲಾಗಿ ಕಾಲವನ್ನು ಕೊಡುವ ದಾರಿಯೂ ಇದೆ. ಕರ್ಟಿನ್ ವರದಿಯ ಒಂದು ಸಾಲು ಸಾಮಾನ್ಯವಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ: ಎರಕ ಹೊಯ್ದ ಮೇಲೆ 5 ದಿನ ಸುಮ್ಮನೆ ಬಿಟ್ಟು ಬಳಿಕ ಬಿಸಿ ಕೊಟ್ಟರೂ ಹಾನಿಯಿಲ್ಲ, ಬದಲಿಗೆ ಬಲ ಹೆಚ್ಚುತ್ತದೆ. ಎಂದರೆ ಎರಕದ ಮರುಗಳಿಗೆಯೇ ಬಿಸಿಪೆಟ್ಟಿಗೆ ಸಿದ್ಧವಿರಬೇಕಾಗಿಲ್ಲ. ಒಳ್ಳೆಯ ಬಿಸಿಲಿಗಾಗಿ ಕಾಯಬಹುದು. ಮಲೆನಾಡಿನ ಅನೇಕ ಮನೆಗಳಲ್ಲಿ ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹೊದಿಕೆಯ ಬಿಸಿಲುಮನೆಗಳಿವೆ. ಅಡಿಕೆಯ ಕೆಲಸ ಮುಗಿದ ಮೇಲೆ, ಫೆಬ್ರವರಿಯಿಂದ ಮೇ ತಿಂಗಳವರೆಗೆ, ಅವು ಬಹುಪಾಲು ಖಾಲಿ. ಬೇಸಗೆಯ ಮಧ್ಯಾಹ್ನ ಅವುಗಳ ಒಳಗಿನ ಉಷ್ಣಾಂಶ ಹೊರಗಿನದಕ್ಕಿಂತ ಸಾಕಷ್ಟು ಮೇಲಿರುತ್ತದೆ. ಬಿಗಿಯಾಗಿ ಸುತ್ತಿದ ಬ್ಲಾಕುಗಳನ್ನು ಅಲ್ಲಿ ಒಂದು ವಾರ ಇಟ್ಟರೆ, ರಾತ್ರಿ ತಣ್ಣಗಾದರೂ ಹಗಲು ಹಗಲು ಸೇರಿ ಬೇಕಾದ ಗಂಟೆಗಳು ಕೂಡಬಹುದು. ಜಂಬಿಟ್ಟಿಗೆ ಕಡಿಯುವುದೂ, ಮಣ್ಣಿನ ಗೋಡೆ ಏರಿಸುವುದೂ ಈ ಸೀಮೆಯಲ್ಲಿ ಎಂದಿನಿಂದಲೂ ಬೇಸಗೆಯ ಕೆಲಸಗಳೇ.

ಇದೇ ಜಾಡಿನ ಸ್ಥಳೀಯ ಅನುಭವವನ್ನೂ ನೆನೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದವರು ಮಣ್ಣಿಗೆ ಸುಣ್ಣ ಬೆರೆಸಿ ಒತ್ತಿದ ಇಟ್ಟಿಗೆಗಳನ್ನು ಹಬೆಯಲ್ಲಿ ಹದಗೊಳಿಸುವ ವಿಧಾನದ ಮೇಲೆ ಕೆಲಸ ಮಾಡಿದರು. ಜೇಡಿಯೊಡನೆ ಸುಣ್ಣದ ಕ್ರಿಯೆ ತಂಪಿನಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತದೆ, ಹಬೆಯಲ್ಲಿ ಗಂಟೆಗಳಲ್ಲಿ ಮುಗಿಯುತ್ತದೆ. ರಸಾಯನ ಬೇರೆಯಾದರೂ ಪಾಠ ಒಂದೇ ಬಗೆಯದು. ಒಂದು ಅಂತಸ್ತಿನ ಮನೆಗೆ, ಕೊಟ್ಟಿಗೆಗೆ, ಆವರಣದ ಗೋಡೆಗೆ 60 ಮೆಗಾಪಾಸ್ಕಲ್ ಬಲ ಬೇಕಾಗಿಯೇ ಇಲ್ಲ. ಜಂಬಿಟ್ಟಿಗೆಯೂ ಸುಣ್ಣದ ಗಾರೆಯೂ ಸಾಕಾಗುವಲ್ಲಿ ಹೊಸ ಬಂಧಕದ ಮೋಹ ಏಕೆ ಎಂಬ ಪ್ರಶ್ನೆಯೂ ಸಭೆಯ ಮುಂದಿರಲಿ.

ಕೊನೆಯದಾಗಿ ಒಂದು ಕಾರ್ಯಸಾಧ್ಯ ಸೂಚನೆ. ಯಾವುದೇ ಇಲಾಖೆಯಾಗಲಿ ಗುತ್ತಿಗೆದಾರರಾಗಲಿ ಘಟ್ಟದಲ್ಲಿ ಇಂಥ ಬಂಧಕ ಬಳಸುವುದಾಗಿ ಹೇಳಿದರೆ, ಅದೇ ಮಿಶ್ರಣದಿಂದ 27 ಗಾರೆಯ ಘನಗಳನ್ನು ಎರಕ ಹೊಯ್ಯುವಂತೆ ಗ್ರಾಮಸಭೆ ಕೇಳಬಹುದು. ಪ್ರತಿಯೊಂದೂ 70.6 ಮಿಲಿಮೀಟರ್ ಬದಿಯದಿರಲಿ. ಸಿಮೆಂಟಿನ ಗಾರೆಯ ಪರೀಕ್ಷೆಗೆ ಬಳಸುವ ಅಚ್ಚು ಅದೇ, ಮುಖದ ವಿಸ್ತೀರ್ಣ 50 ಚದರ ಸೆಂಟಿಮೀಟರ್. ಒಂಬತ್ತನ್ನು ಸುತ್ತಿ ಮನೆಯ ಒಳಗೆ ನೆರಳಿನಲ್ಲಿ, ಒಂಬತ್ತನ್ನು ಸುತ್ತಿ ಅಡಿಕೆಯ ಬಿಸಿಲುಮನೆಯಲ್ಲಿ, ಒಂಬತ್ತನ್ನು ಗುತ್ತಿಗೆದಾರರು ಹೇಳುವ ಬಿಸಿಪೆಟ್ಟಿಗೆಯಲ್ಲಿ ಇಡಬೇಕು. ಪಕ್ಕದಲ್ಲೊಂದು ಉಷ್ಣಮಾಪಕ, ಒಂದು ನೋಟುಬುಕ್ಕು ಇರಬೇಕು. ಪ್ರತಿ ಗುಂಪಿನಿಂದ ಮೂರು ಮೂರನ್ನು 7, 28 ಮತ್ತು 90ನೆಯ ದಿನಗಳಂದು ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಯಂತ್ರದಲ್ಲಿ ಒಡೆಸಿ ನೋಡಬೇಕು. ಸಂಕ್ರಾಂತಿಯ ವೇಳೆಗೆ ಎರಕ ಹೊಯ್ದರೆ ಕೊನೆಯ ಒಂಬತ್ತು ಘನಗಳು ಒಡೆಯುವುದು ಏಪ್ರಿಲ್ ಮಧ್ಯದಲ್ಲಿ. ಮುಂಗಾರಿಗೆ ಆಗ ಇನ್ನೂ ಆರೇಳು ವಾರಗಳಿರುತ್ತವೆ.